ಕೈ ಕೂಡಿಸುವ ಶನಿವಾರ

ತುಮಕೂರಿನ ಆ ಕ್ರೈಸ್ತ ಸಭೆಯಲ್ಲಿ ಜಗಳವಾಡಿಕೊಂಡು ಬಹಳ ದಿನ ಮುಖ ತಿರುಗಿಸಿಕೊಂಡು ಓಡಾಡಿದವರು ಯಾರೂ ಇಲ್ಲ. ಜೀವರತ್ನಮ್ಮ ಬಿಡಬೇಕಲ್ಲ! ತಿಂಗಳಿಗೊಮ್ಮೆ ಭಾನುವಾರ ಪ್ರಭುಭೋಜನ. ಮನಸ್ತಾಪ ಇಟ್ಟುಕೊಂಡು ರೊಟ್ಟಿ, ದ್ರಾಕ್ಷಾರಸ ಮುಟ್ಟಬಾರದೆಂದು ಆ ಜನ ಬಹಳ ಕಟ್ಟುನಿಟ್ಟು. ಅದಕ್ಕೇ ಹಿಂದಿನ ಶನಿವಾರ ಸಂಜೆ ಸಿದ್ಧತೆಯ ಕೂಟ. ಮುನಿಸಿಕೊಂಡ ಇಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟು, ಮೇಲೆ ತನ್ನ ಕೈಯಿಂದ ಒತ್ತುವುದು ಜೀವರತ್ನಮ್ಮನ ಕೆಲಸ. ಸಭೆಯ ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡಿದರೆಂದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ.

ಕೋಳಿಯ ಜಗಳ, ಬಚ್ಚಲ ನೀರಿನ ಜಗಳ, ಅತ್ತೆ ಸೊಸೆಯ ಜಗಳ, ಎಷ್ಟು ಕೈ ಕೂಡಿಸಿದ್ದಳೋ ಅವಳಿಗೇ ಲೆಕ್ಕವಿಲ್ಲ. 'ರತ್ನಮ್ಮಜ್ಜಿ ಒತ್ತಿದ್ರೆ ಮೂಳೆ ಮುರಿಯುತ್ತೆ, ಅದಕ್ಕೇ ಎಲ್ರೂ ರಾಜಿ ಆಗೋದು' ಎಂದು ಹುಡುಗರು ಗೇಲಿ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಗುಬ್ಬಿಯಲ್ಲಿ ಒಂಟಿಯಾಗಿದ್ದುಕೊಂಡು, ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುತ್ತಾ ಬದುಕಿದವಳು. ತನ್ನ ಕೈಯ ಬಗ್ಗೆ ಅವಳಿಗೆ ಒಂದಿಷ್ಟು ಜಂಬವಿತ್ತು. ಇರಲಿ ಬಿಡಿ, ಯಾರಿಗಿರುವುದಿಲ್ಲ.

ಎಪ್ಪತ್ತೆಂಟನೇ ಇಸವಿಯ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ದಯಾಮಣಿ ತುಮಕೂರಿನ ಬಸ್ಸಿನಿಂದಿಳಿದು ಗುಬ್ಬಿಯ ಆ ಮನೆಯ ಬಾಗಿಲಲ್ಲಿ ಬಂದು ನಿಂತಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹದಿನೈದರ ಹುಡುಗಿ, ಸಭೆಯ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಅವಳ ತಾಯಿಗೆ ದೀಕ್ಷಾಸ್ನಾನದಲ್ಲಿ ಮರಿಯಮ್ಮ ಎಂದು ಹೆಸರಿಟ್ಟಿದ್ದರೂ ಕುಣಿಗಲ್ಲಿನಲ್ಲಿ ಎಲ್ಲರಿಗೂ ಅವಳು ಹಳೆಯ ಚಿಕ್ಕಮಾರಮ್ಮನೇ. ಕುದುರೆ ಫಾರಮ್ಮಿಗೆ ಹುಲ್ಲು ಕೊಯ್ದು ಜೀವನ. ಆ ತಾಯಿಗೆ 'ನಿನ್ ಮಗಳು ಇನ್ಮೇಲೆ ನನ್ ಮಗಳು ಕಣೇ, ಕಳಿಸು' ಎಂದು ಮಾತು ಕೊಟ್ಟು ದಯಾಳನ್ನು ಹಾಸ್ಟೆಲಿಗೆ ಸೇರಿಸಿದವಳು ಜೀವರತ್ನಮ್ಮ.

"ಏನೇ ಇದು ಅವತಾರ? ಕ್ಲಾಸಿಲ್ವಾ?" ಎಂದು ಗದರಿದಳು. ಹುಡುಗಿ ಒಳಗೆ ಬಂದು, ಬಾಗಿಲ ಅಗುಳಿ ತಾನೇ ಹಾಕಿ, ಒಲೆಯ ಪಕ್ಕ ಕೂತಳು. ಕೊಟ್ಟ ಕಾಫಿ ಆರಿಹೋಯಿತು. ಆಮೇಲೆ ಹೇಳಿದಳು. ಅವಳು ಹೇಳಿದ್ದೆಲ್ಲವನ್ನೂ ನಾನಿಲ್ಲಿ ಹೇಳುವುದಿಲ್ಲ, ಅದು ಅವಳದು. ಕ್ರಿಸ್‌ಮಸ್‌ ಹಾಡಿನ ಪ್ರಾಕ್ಟೀಸ್‌ ಆದಮೇಲೆ ಸಭೆಯಲ್ಲಿ ಹಾಡು ಕಲಿಸುವ ದೇವಪುತ್ರಪ್ಪ ಮೇಷ್ಟ್ರು 'ನಿನ್ನ ಸ್ವರ ಸರಿ ಮಾಡ್ಬೇಕು' ಎಂದು ಅವಳೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದರು. ಪಾದ್ರಿಗಳ ನಿಲುವಂಗಿ ಇಡುವ ಹಿಂದಿನ ಕೋಣೆಗೆ ಕರೆಯುತ್ತಿದ್ದರು. ಬಾಗಿಲು ಮುಚ್ಚುತ್ತಿದ್ದರು. ಇಷ್ಟು ಸಾಕು.

"ಯಾರಿಗೂ ಯಾಕೇ ಹೇಳ್ಲಿಲ್ಲ?"

"ಯಾರಿಗ್ ಹೇಳ್ಲಿ ಅಜ್ಜಿ? ಅವ್ರು ಹಾರ್ಮೋನಿಯಂ ಬಾರಿಸ್ತಿದ್ರೆ ಎಲ್ರೂ ಅಳ್ತಾರೆ."

ಅದು ನಿಜವೇ. ಸ್ವತಃ ಜೀವರತ್ನಮ್ಮನೇ ಎಷ್ಟು ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಮಾರನೆಯ ದಿನ ದಯಾಳನ್ನು ಕರೆದುಕೊಂಡು ತುಮಕೂರಿಗೆ ಹೋಗಿ, ಅಯ್ಯನವರ ಮನೆಯ ಜಗುಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸತ್ಯಮಿತ್ರ ಅಯ್ಯನವರು ಕೆಟ್ಟವರೇನಲ್ಲ. ಕಾಯಿಲೆಯವರ ಮನೆಗೆ ಸೈಕಲ್‌ ತುಳಿದುಕೊಂಡು ಹೋಗುವ ಮನುಷ್ಯ. ಆದರೆ ಮಾತು ಮುಗಿಯುವಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತ್ತು.

"ರತ್ನಮ್ಮನೋರೆ, ಇದು ಒಂದು ಹುಡುಗಿ ಮಾತು. ಆಚೆ ಹೋದ್ರೆ ಹಾಸ್ಟೆಲ್‌ ಮುಚ್ಚಿಸ್ತಾರೆ. ಬಡವರ ಮಕ್ಕಳು ಎಲ್ಲಿಗ್‌ ಹೋಗ್ಬೇಕು? ಶಿರಾ ಗೇಟ್‌ನಲ್ಲಿ ನಿಂತ್ಕೊಂಡು ಊರೋರು ನಗ್ತಾರೆ. ಮೇಷ್ಟ್ರಿಗೆ ನಾನು ಬುದ್ಧಿ ಹೇಳ್ತೀನಿ. ನಾಳೆ ಶನಿವಾರ ಅಲ್ವಾ, ನೀವು ಕೈ ಕೂಡಿಸ್ಬಿಡಿ. ಕ್ಷಮೆಗಿಂತ ದೊಡ್ಡದು ನಮ್ಮಲ್ಲಿ ಇನ್ನೇನಿದೆ?"

ಆಗ ಅಯ್ಯನವರ ಮಗಳು ಸುಕೃತ ಕಾಫಿ ತಟ್ಟೆ ಹಿಡಿದುಕೊಂಡು ಪರದೆಯ ಹತ್ತಿರ ನಿಂತಿದ್ದಳು. ಹದಿಮೂರು ತುಂಬಿದ ಹುಡುಗಿ, ಅವಳೂ ಹಾಡುವವಳೇ. "ಏನಮ್ಮ ನಿಂತ್ಬಿಟ್ಟೆ? ಕೊಟ್ಟು ಪ್ರಾಕ್ಟೀಸ್‌ಗೆ ಓಡು, ಮೇಷ್ಟ್ರು ಕಾಯ್ತಿರ್ತಾರೆ" ಎಂದರು ಅಯ್ಯನವರು. ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. ತಟ್ಟೆ ಇಟ್ಟು ಹೋದಳು.

ಸುದ್ದಿ ತಿಳಿದು ಕುಣಿಗಲ್ಲಿನಿಂದ ಓಡಿಬಂದ ಚಿಕ್ಕಮಾರಮ್ಮ ಮಗಳನ್ನು ತಬ್ಬಿಕೊಂಡು ಅತ್ತಳು, ಒಂದೇಟು ಹೊಡೆದಳು, ಮತ್ತೆ ಅತ್ತಳು. ಕೊನೆಗೆ ಅವಳೂ ಅದನ್ನೇ ಹೇಳಿದಳು. "ಬುಡವ್ವ, ಕೈ ಕೂಡ್ಸಿ ಮುಗ್ಸು. ನಾಳೆ ಇವುಳ್ನ ಯಾವನ್‌ ಮದ್ವೆ ಆಯ್ತಾನೆ? ನಂಗೆ ಇರೋದು ಇವ್ಳೊಬ್ಳೇಯ."

ಜೀವರತ್ನಮ್ಮ ಒಪ್ಪಿಕೊಂಡಳು. ಹೌದು, ಒಪ್ಪಿಕೊಂಡಳು! ಆಯುಷ್ಯವೆಲ್ಲಾ ಅದೊಂದೇ ಮದ್ದು ಅರೆದು ಕೊಟ್ಟವಳಿಗೆ ಬೇರೆ ಮದ್ದು ತಿಳಿಯಲಿಲ್ಲ. ಇಡೀ ಸಭೆಯ ಮುಂದೆ ನಿಂತರೆ ಆ ಮನುಷ್ಯ ನಾಚಿಕೆಯಿಂದ ಕುಸಿದುಹೋಗುತ್ತಾನೆ, ಅಲ್ಲಿಗೆ ಮಗು ಬಚಾವಾಗುತ್ತೆ ಎಂದುಕೊಂಡಳು.

ಎಲ್ಲಿಯ ನಾಚಿಕೆ! ಶನಿವಾರ ಸಂಜೆ ದೇವಪುತ್ರಪ್ಪ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲೇ ಮೇಜಿನ ಮುಂದೆ ಬಂದು ನಿಂತಿದ್ದರು. ಕಣ್ಣಲ್ಲಿ ನೀರು ಸಿದ್ಧವಾಗಿತ್ತು. ಅಯ್ಯನವರು ಗಂಟಲು ಸರಿಮಾಡಿಕೊಂಡು, "ಹಾಡು ಕಲಿಸುವಾಗ ಮೇಷ್ಟ್ರು ಈ ಮಗುವಿಗೆ ಒಂದು ಕಠಿಣ ಮಾತಾಡಿದ್ದರಿಂದ ಮನಸ್ತಾಪವಾಗಿದೆ" ಎಂದರು. ಹೆಂಗಸರು ಚಾಪೆಯ ಮೇಲೆ ಕೂತು ಲೊಚಗುಟ್ಟಿದರು. ಇಷ್ಟಕ್ಕೆಲ್ಲಾ ಮುನಿಸಿಕೊಳ್ಳುವುದೇ, ಅದೂ ಅಂಥ ಗುರುಗಳ ಮೇಲೆ!

ಕಠಿಣ ಮಾತಂತೆ. ಜೀವರತ್ನಮ್ಮನಿಗೆ ಮೈಯೆಲ್ಲಾ ಉರಿದುಹೋಯಿತು. ಆದರೂ ಅಭ್ಯಾಸಬಲ ನೋಡಿ, ಅವಳ ಎಡಗೈ ಹುಡುಗಿಯ ಕೈ ಹಿಡಿದುಕೊಂಡು ಮುಂದೆ ಹೋಗುತ್ತಲೇ ಇತ್ತು. ಆ ಕೈ ತಣ್ಣಗಿತ್ತು, ಬೆವರಿತ್ತು. ಮೇಷ್ಟ್ರು ಅಂಗೈ ಚಾಚಿದರು. ದಯಾ ತಲೆ ಎತ್ತದೆ, ಅಜ್ಜಿಗೆ ಮಾತ್ರ ಕೇಳುವಂತೆ ಕೇಳಿದಳು:

"ಅಜ್ಜಿ, ಕೈ ಕೊಟ್ಮೇಲೆ ಸೋಮವಾರ ನಾನು ಮತ್ತೆ ಪ್ರಾಕ್ಟೀಸ್‌ಗೆ ಹೋಗ್ಬೇಕಾ?"

ಜೀವರತ್ನಮ್ಮ ಅಲ್ಲೇ ನಿಂತಳು. ಹೋಗಬೇಕು. ಮತ್ತೇನು? ಕೈ ಕೂಡಿದ ಮೇಲೆ ಮಾತು ಮುಗಿಯಿತಲ್ಲ. ಮತ್ತೆ ಹಾರ್ಮೋನಿಯಂ, ಮತ್ತೆ ಆ ಕೋಣೆ, ಮತ್ತೆ ಮುಚ್ಚಿದ ಬಾಗಿಲು. ಈ ಸಲ ಆ ಬಾಗಿಲಿಗೆ ಅಗುಳಿ ಹಾಕುವವಳು ತಾನೇ. ಅವಳು ಹುಡುಗಿಯ ಕೈಯನ್ನು ಸರಕ್ಕನೆ ಹಿಂದಕ್ಕೆಳೆದು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು.

"ಇಲ್ಲ ಅಯ್ನೋರೆ. ಈ ಕೈ ನಾನು ಕೂಡ್ಸಲ್ಲ."

"ರತ್ನಮ್ಮನೋರೆ! ಕರ್ತನು ಶಿಲುಬೆಯ ಮೇಲೂ ಕ್ಷಮಿಸ್ಲಿಲ್ವಾ?"

"ಕ್ಷಮಿಸಿದ್ರು. ಅವರಾಗೇ ಕ್ಷಮಿಸಿದ್ರು. ಯಾರಾದ್ರೂ ಅವ್ರ ರಟ್ಟೆ ಹಿಡಿದು ಎಳ್ಕೊಂಡೋಗಿ, ಹೊಡ್ದೋನ ಕೈ ಹಿಡ್ಕೊ ಅಂದ್ರಾ? ಮಕ್ಕಳ್ನ ನನ್ನ ಹತ್ರ ಬಿಡಿ ಅಂದ ಸ್ವಾಮಿ ಅವ್ರು. ಈ ಮನುಷ್ಯನ ಹತ್ರ ಬಿಡಿ ಅನ್ಲಿಲ್ಲ. ಮಾತಿನ ಮನಸ್ತಾಪ ಅಲ್ಲ ಇದು. ಈ ಮಗು ಮೈ ಮುಟ್ಟವ್ನೆ ಇವ್ನು!"

ಗುಲ್ಲೆದ್ದಿತು. ಮುದುಕಿಗೆ ತಲೆ ಕೆಟ್ಟಿದೆ ಎಂದರು. ಹಾಸ್ಟೆಲಿನ ಅನ್ನ ತಿಂದು ಈ ಹುಡುಗಿ ಎಂಥ ಮಾತು ಹುಟ್ಟಿಸಿದಳು ಎಂದರು. ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ, "ನಾನು ಅವರನ್ನೂ ಕ್ಷಮಿಸ್ತೀನಿ" ಎಂದರು. ಚಿಕ್ಕಮಾರಮ್ಮ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ಕೂತಳು. ಅಯ್ಯನವರು ಮೇಜಿನ ಬಟ್ಟೆಯ ಸುಕ್ಕು ಸವರುತ್ತಾ, "ಹಾಗಿದ್ರೆ ನಾಳೆ ನೀವಿಬ್ರೂ ಭೋಜನಕ್ಕೆ ಕೂರೋ ಹಾಗಿಲ್ಲ" ಎಂದರು. ಆ ಮೇಜಿನ ಬಟ್ಟೆಯನ್ನು ತಿಂಗಳು ತಿಂಗಳೂ ಒಗೆದು ಗಂಜಿ ಹಾಕಿದವಳು ಜೀವರತ್ನಮ್ಮ.

ಭಾನುವಾರ ಅವಳು ಮನೆಯಲ್ಲಿ ಕೂರಲಿಲ್ಲ. ಒಗೆದ ಬಿಳಿ ಸೀರೆಯುಟ್ಟು, ದಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೇವಾಲಯದ ಮೆಟ್ಟಿಲ ಮೇಲೆ ಕೂತಳು. ಒಳಗೆ ಹೋಗುವವರು ಇವರನ್ನು ಬಳಸಿಕೊಂಡು ಹೋದರು. ಅವಳೇ ಕೈ ಕೂಡಿಸಿದ ಅತ್ತೆ ಸೊಸೆ, ಇಬ್ಬರೂ ಒಟ್ಟಿಗೇ ಮುಖ ಆಚೆ ತಿರುಗಿಸಿಕೊಂಡರು. ಜೀವರತ್ನಮ್ಮನಿಗೆ ದುಃಖ ಒತ್ತರಿಸಿ ಬಂತು. ಆದರೂ ಏಳಲಿಲ್ಲ. ಆರಾಧನೆ ಮುಗಿದ ಮೇಲೆ ನೇರವಾಗಿ ಪೊಲೀಸ್‌ ಸ್ಟೇಷನ್ನಿಗೆ ಹೋಗುವುದೆಂದು ತೀರ್ಮಾನಿಸಿದ್ದಳು. ಅಲ್ಲಿ ಅವಳ ಮಾತನ್ನು ಯಾರು ಕೇಳುತ್ತಾರೋ, ಯಾರು ನಗುತ್ತಾರೋ, ಅವಳಿಗೆ ಗೊತ್ತಿರಲಿಲ್ಲ.

ಒಳಗೆ ಹಾರ್ಮೋನಿಯಂ ಶುರುವಾಯಿತು. ರೊಟ್ಟಿ ಮುರಿಯುವ ಹೊತ್ತು. ದಯಾ ಎರಡೂ ಕಿವಿ ಮುಚ್ಚಿಕೊಂಡಳು.

ಆಗ ಬಾಗಿಲು ಸ್ವಲ್ಪ ಸರಿಯಿತು. ಹಾಡುವ ಹುಡುಗಿಯರ ಬಿಳಿ ಲಂಗ ತೊಟ್ಟ ಸುಕೃತ ಹೊರಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ದಯಾಳ ಪಕ್ಕದಲ್ಲಿ ಬಂದು ಕೂತು, ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡಳು.

"ಯಾಕವ್ವ ಬಂದೆ?" ಎಂದಳು ಜೀವರತ್ನಮ್ಮ.

ಸುಕೃತ ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ದಯಾ ಕಿವಿಯಿಂದ ಕೈ ತೆಗೆದು ಅವಳ ಕಡೆ ನೋಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ಬಗೆ ಜೀವರತ್ನಮ್ಮನ ಕಣ್ಣಿಗೆ ಬಿತ್ತು.

"ಅಯ್ಯೋ ನನ್ ಕಂದ, ನಿಂಗೂನಾ?"

ಸುಕೃತ ಹೌದೆಂದು ತಲೆಯಾಡಿಸಿದಳು.

ಮಗಳು ಎದ್ದು ಹೋದದ್ದನ್ನು ಕಂಡ ಅಯ್ಯನವರು ನಿಲುವಂಗಿಯಲ್ಲೇ ಬಾಗಿಲಿಗೆ ಬಂದರು. ಕೈಯಲ್ಲಿ ಬಟ್ಟಲು ಹಾಗೇ ಇತ್ತು. "ಏನಮ್ಮ, ಮೈ ಹುಷಾರಿಲ್ವಾ?" ಎಂದು ಬಗ್ಗಿದರು. ಸುಕೃತ ತಂದೆಯಿಂದ ಹಿಂದಕ್ಕೆ ಸರಿದು ಜೀವರತ್ನಮ್ಮನ ಸೆರಗು ಹಿಡಿದುಕೊಂಡಳು. ಅಯ್ಯನವರು ಮಗಳನ್ನು ನೋಡಿದರು, ದಯಾಳನ್ನು ನೋಡಿದರು, ಮತ್ತೆ ಮಗಳನ್ನು ನೋಡಿದರು. ಬಟ್ಟಲು ವಾಲಿ ದ್ರಾಕ್ಷಾರಸ ಅವರ ಬಿಳಿ ತೋಳಿನ ಮೇಲೆ ಚೆಲ್ಲಿತು.

ಜೀವರತ್ನಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಅಳುತ್ತಿದ್ದಳು.

"ಹೇಳಿ ಅಯ್ನೋರೆ. ಈಗ ಯಾರ ಕೈನ ಯಾರ ಕೈಗೆ ಕೂಡಿಸ್ಲಿ?"

ಒಳಗೆ ಹಾರ್ಮೋನಿಯಂ ಇನ್ನೂ ನುಡಿಯುತ್ತಿತ್ತು.