ದುರ್ಗಕ್ಕನ ನಿಧಾನದ ಹಾಡುಗಳು

ದುರ್ಗಕ್ಕ ಮೈಕು ಹಿಡಿದಳೆಂದರೆ ಕುರ್ಚಿಯಲ್ಲಿ ಕೂತವರು ಕೂತಲ್ಲೇ ಇರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಆರ್ಕೆಸ್ಟ್ರಾದಲ್ಲಿ ಹಾಡಿ, ಹೊಸಪೇಟೆಯಿಂದ ಕಂಪ್ಲಿಯವರೆಗೆ ‘ಪಾಪ್ ಸಿಂಗರ್ ದುರ್ಗಕ್ಕ’ ಎಂದು ಹೆಸರಾದವಳು. ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಗಣಿಯವರ ಮನೆಗಳಲ್ಲಿ ನಾಯಿಮರಿಗೂ ಹುಟ್ಟುಹಬ್ಬ ನಡೆಯುತ್ತಿತ್ತು. ಅಲ್ಲೆಲ್ಲ ಇವಳನ್ನೇ ಕರೆಯುತ್ತಿದ್ದರು, ಕುಣಿಯುವ ಹಾಡನ್ನೇ ಕೇಳುತ್ತಿದ್ದರು.

ಒಂದು ದಿನ ಸಂಡೂರಿನಿಂದ ಹಾಡಿ ಬಂದವಳು ಗಂಡ ಕೆಂಚಣ್ಣನಿಗೆ ಹೇಳಿದಳು: “ಮಂದೀನ ಕುಣಿಸಿದ್ದು ಸಾಕ್ರಿ. ಇನ್ನ ಕುಂದ್ರಿಸಿ ಹಾಡಬೇಕು ಅನಸ್ತೈತಿ.”

ನಿಧಾನದ ಪ್ರೀತಿ ಹಾಡುಗಳ ಸೀಡಿ ಮಾಡಬೇಕು ಎಂದಾಗ ರೆಕಾರ್ಡಿಂಗ್ ಸ್ಟುಡಿಯೋದ ವೀರೇಶ್ ತಲೆ ಕೆರೆದುಕೊಂಡ. “ಅಕ್ಕಾ, ಈ ವಯಸ್ಸಿನ್ಯಾಗ ಪ್ರೀತಿ ಹಾಡು ಯಾರು ಕೇಳ್ತಾರ?”

“ಈ ವಯಸ್ಸಿನವರ ಕೇಳ್ತಾರೋ ತಮ್ಮಾ. ಅವರೇನು ಕಿವುಡ್ರಾ?”

ಹಾಡುಗಳನ್ನು ಅವಳೇ ಕಟ್ಟಿದಳು. ಮನೆಯಲ್ಲಿ ಗುನುಗುತ್ತಿದ್ದವಳು ಕೆಂಚಣ್ಣ ಒಳಗೆ ಬಂದ ಕೂಡಲೇ ಬಾಯಿ ಮುಚ್ಚುತ್ತಿದ್ದಳು. ದೇವರ ಪದ ಇರಬೇಕು ಎಂದುಕೊಂಡು ಅವನು ಸುಮ್ಮನಿದ್ದ.

ಕೆಂಚಣ್ಣ ತೋರಣಗಲ್ಲಿನ ಫ್ಯಾಕ್ಟರಿಗೆ ಕೆಲಸಗಾರರನ್ನು ಒಯ್ಯುವ ಬಸ್ಸಿನ ಡ್ರೈವರ್, ಅದಿರು ಲಾರಿಗಳ ಕೆಂಪು ಧೂಳಿನಲ್ಲೇ ದಿನವೂ ಹೋಗಿಬರುವವನು. ಒಂದು ಬೆಳಿಗ್ಗೆ ಅವನ ಬುತ್ತಿಯ ಜೊತೆ ದುರ್ಗಕ್ಕ ಒಂದು ಸೀಡಿಯನ್ನೂ ಕೊಟ್ಟಳು. ಮೇಲೆ ‘ನಿನ್ನ ಜೋಡಿ ಇಷ್ಟು ದೂರ’ ಎಂದು ಬರೆದಿತ್ತು.

“ಬಸ್ಸಿನ್ಯಾಗ ಹಾಕ್ರಿ. ಮೊದಲ ನೀವ ಕೇಳಬೇಕು.”

“ನಲವತ್ತು ಮಂದಿ ಜೋಡಿ?”

“ಹ್ಞೂಂ. ಮನ್ಯಾಗ ಹಾಕಿದ್ರ ನಿದ್ದಿ ಹೊಡೀತೀರಿ.”

ಬಸ್ಸು ಊರು ದಾಟಿದ ಮೇಲೆ ಕೆಂಚಣ್ಣ ಸೀಡಿ ಹಾಕಿದ. ಡ್ರಮ್ಮಿಲ್ಲ, ಅಬ್ಬರವಿಲ್ಲ. ಒಂದು ಗಿಟಾರು, ಒಂದು ಕೊಳಲು, ನಡುವೆ ದುರ್ಗಕ್ಕನ ದನಿ, ಕಿವಿಯ ಹತ್ತಿರ ಬಂದು ಮಾತಾಡಿದ ಹಾಗೆ. ಮೊದಲ ಹಾಡು ಮುಗಿಯಿತು. ಎರಡನೆಯದು ಶುರುವಾಯಿತು:

ಮೈಮ್ಯಾಗಿನ ಕೆಂಪು ಧೂಳೆಲ್ಲ ತೊಳದಾನ
ಮೀಸ್ಯಾಗ ಒಂದಿಷ್ಟು ಉಳಿಸ್ಯಾನ

ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ನಿಂಗಕ್ಕ ಮುಂದಿನ ಸೀಟಿನಿಂದಲೇ ಕನ್ನಡಿಯಲ್ಲಿ ಇಣುಕಿದಳು. “ಕೆಂಚಣ್ಣಾ, ನಿನ ಮೀಸಿ ಒಮ್ಮೆ ನೋಡ್ಕೋ!”

ಬಸ್ಸು ಗೊಳ್ಳೆಂದಿತು. ಕೆಂಚಣ್ಣ ಮೀಸೆ ಒರೆಸಿಕೊಳ್ಳುವಷ್ಟರಲ್ಲಿ ಮೂರನೆಯ ಹಾಡು ಬಂತು:

ಶೇಂಗಾ ಸುಲಿದು ನನ ಅಂಗೈಗೆ ಇಡತಾನ
ಪ್ರೀತಿ ಅಂದ್ರ ಸಾಕು ಕೆಮ್ಮತಾನ

ಕೆಂಚಣ್ಣನಿಗೆ ನಿಜಕ್ಕೂ ಕೆಮ್ಮು ಬಂತು. ನಲವತ್ತು ಜನ ಸೀಟು ಬಡಿದು ನಕ್ಕರು. ಬಂದ್ ಮಾಡಲು ಕೈ ಚಾಚಿದರೆ ವೆಲ್ಡರ್ ಮಾರೇಶ್ ಎದ್ದು ಬಂದು ಅಡ್ಡ ನಿಂತ. “ಕೈ ತೆಗಿ ಅಣ್ಣಾ! ಇವತ್ತು ಹಾಜರಿ ಹೋದ್ರೂ ಚಿಂತಿಲ್ಲ, ಹಾಡು ನಿಲ್ಲಬಾರದು.”

ಈ ಗದ್ದಲದಲ್ಲಿ ಗಾದಿಗನೂರಿನ ಸ್ಟಾಪು ಹಿಂದೆ ಬಿತ್ತು. ಅಲ್ಲಿ ಕಾಯುತ್ತಿದ್ದ ಆರು ಮಂದಿ ಬುತ್ತಿ ಎತ್ತಿ ಕೂಗುತ್ತ ಓಡಿ ಬಂದರು. ಬೈಯುತ್ತ ಹತ್ತಿದವರು ವಿಷಯ ತಿಳಿದ ಮೇಲೆ, “ಮೊದಲಿಂದ ಹಾಕ್ರಿ ಹಂಗಾರ!” ಎಂದು ಹಟ ಹಿಡಿದರು.

ಐದನೆಯ ಹಾಡಿಗೆ ಬರುವಷ್ಟರಲ್ಲಿ ನಗು ತಾನಾಗಿ ನಿಂತಿತ್ತು. ಸ್ಟೇಜಿನ ಮೇಲೆ ಹಾಡುವಾಗ ಅವನ ಕಣ್ಣಿಗೆ ಮೊದಲ ಸಲ ಬಿದ್ದದ್ದನ್ನು ಅದರಲ್ಲಿ ಹಾಡಿದ್ದಳು. ಒಬ್ಬೊಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು. ಮಾರೇಶ್ ಹೆಂಡತಿಗೆ ಫೋನು ಹಚ್ಚಿ ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದ. ಕೆಂಚಣ್ಣನ ಕಿವಿ ಬಿಸಿಯಾಗಿತ್ತು. ಇಷ್ಟು ವರ್ಷ ತಾನು ಮಾಡಿದ ಸಣ್ಣಪುಟ್ಟದ್ದನ್ನೆಲ್ಲ ಇವಳು ನೋಡುತ್ತಿದ್ದಳೇ? ನೋಡಿ ಎತ್ತಿಟ್ಟುಕೊಂಡಿದ್ದಳೇ? ಎದುರಿನ ರಸ್ತೆ ಒಂದು ಗಳಿಗೆ ಮಸುಕಾಯಿತು. ಕಣ್ಣುಜ್ಜಿಕೊಂಡು ಗೇರು ಬದಲಿಸಿದ.

ಸಂಜೆ ಮನೆಗೆ ಬಂದಾಗ ದುರ್ಗಕ್ಕ ಹೊಸ್ತಿಲಲ್ಲೇ ನಿಂತಿದ್ದಳು. “ಹೆಂಗದಾವ್ರಿ?”

“ಮಸ್ತ್ ಅದಾವ. ಆದ್ರ ಐದನೇ ಹಾಡಿನ್ಯಾಗ ಒಂದು ತಪ್ಪೈತಿ.”

ಅವಳ ಮುಖ ಸಣ್ಣದಾಯಿತು. “ಏನು?”

“ನಾ ನಿನ್ನ ಮೊದಲ ನೋಡಿದ್ದು ಸ್ಟೇಜಿನ ಮ್ಯಾಲಲ್ಲ. ಅದಕ್ಕಿಂತ ವರ್ಷ ಮೊದಲ, ಕಂಪ್ಲಿ ಗದ್ದ್ಯಾಗ. ನೀ ಹಾಡ್ಕೋತ ನಾಟಿ ಹಚ್ಚತಿದ್ದಿ. ನಾ ಟ್ರ್ಯಾಕ್ಟರ್ ಕೆಟ್ಟೈತಿ ಅಂತ ಸುಳ್ಳು ಹೇಳಿ ಬದುವಿನ ಮ್ಯಾಲ ಕುಂತಿದ್ದೆ. ಮಧ್ಯಾಹ್ನತನಕ.”

ದುರ್ಗಕ್ಕ ಅವನ ಕೈ ಹಿಡಿದು ಹೊಸ್ತಿಲ ಮೇಲೆ ಕೂರಿಸಿಕೊಂಡಳು. “ಇಷ್ಟು ವರ್ಷ ಯಾಕ ಹೇಳಲಿಲ್ರಿ?”

“ನೀ ಕೇಳಲಿಲ್ಲ.”

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆಮೇಲೆ ಆ ಗದ್ದೆಯ ಕಥೆಯನ್ನು ಮೂರು ಸಲ ಹೇಳಿಸಿದಳು. ಒಲೆಯ ಮೇಲಿನ ಅನ್ನ ತಳ ಹಿಡಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಆ ಹಾಡುಗಳು ಬಸ್ಸಿನಿಂದ ಆಟೋಗೆ, ಆಟೋದಿಂದ ಹೋಟೆಲಿಗೆ ಹಬ್ಬಿದವು. ಸಂಡೂರಿನ ಗಣಿ ಮಾಲೀಕರೊಬ್ಬರು ತಾಯಿತಂದೆಯ ಮದುವೆಯ ಐವತ್ತನೇ ವರ್ಷಕ್ಕೆ ಕರೆಸಿ, “ನಿಧಾನದ ಹಾಡ ಹಾಡ್ರಿ ಅಕ್ಕಾ” ಎಂದರು. ಅವತ್ತು ದುರ್ಗಕ್ಕ ಕುರ್ಚಿ ಹಾಕಿಸಿಕೊಂಡು ಕೂತು ಹಾಡಿದಳು. ಯಾರೂ ಎದ್ದು ಕುಣಿಯಲಿಲ್ಲ, ಸೀಟಿ ಹೊಡೆಯಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮಾಲೀಕರ ಮುದಿ ತಾಯಿ ಗಂಡನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹಾಡು ಮುಗಿದರೂ ಬಿಡದೆ ಹೇಳಿದಳು: “ಇದನ್ನ ಇನ್ನೊಮ್ಮೆ ಹಾಡವ್ವ. ಇವರಿಗೆ ಒಂದು ಕಿವಿ ಕೇಳಸಂಗಿಲ್ಲ.”

ದುರ್ಗಕ್ಕ ನಗುತ್ತ ಮೈಕು ಹಿಡಿದು ಸ್ಟೇಜಿನಿಂದ ಇಳಿದಳು. ಅಜ್ಜನ ಕೇಳುವ ಕಿವಿ ಯಾವುದೆಂದು ವಿಚಾರಿಸಿ, ಆ ಮಗ್ಗುಲಿಗೆ ಹೋಗಿ ಕೂತು ಹಾಡತೊಡಗಿದಳು.