ಸೀಲಿನ ಅಂಗಡಿಯ ಅಪ್‌ಗ್ರೇಡು

ರಬ್ಬರ್ ಸೀಲು ಮಾಡುವವನ ತಲೆಯಲ್ಲಿ ಎಡಬಲಗಳು ಯಾವತ್ತೋ ಅದಲುಬದಲಾಗಿದ್ದವು. ಜೀವಮಾನವೆಲ್ಲ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದವನಿಗೆ ಇನ್ನೇನಾದೀತು? ಎಡಕ್ಕೆ ತಿರುಗಬೇಕಾದಲ್ಲಿ ಸ್ಕೂಟರಿನ ಹಿಂದೆ ಕೂತ ಹೆಂಡತಿ "ಬಲಕ್ಕೆ" ಎನ್ನುತ್ತಿದ್ದಳು. ಅವನು ಸರಿಯಾಗಿ ಎಡಕ್ಕೇ ತಿರುಗಿಸುತ್ತಿದ್ದ. ಮದುವೆಯ ಹೊಸತರಲ್ಲಿ ಇಬ್ಬರೂ ಚರಂಡಿಗೆ ಬಿದ್ದ ಮೇಲೆ ಮಾಡಿಕೊಂಡ ಏರ್ಪಾಡು ಅದು. ಅಲ್ಲಿಂದೀಚೆಗೆ ಸಂಸಾರ ನೆಟ್ಟಗೆ ಸಾಗಿತ್ತು.

ತಕರಾರು ಶುರುವಾದದ್ದು ಅಂಗಡಿಯ ಕಂಪ್ಯೂಟರಿನಿಂದ. ಕೆತ್ತುವ ಯಂತ್ರ ಅದರ ಮಾತು ಮಾತ್ರ ಕೇಳುತ್ತಿತ್ತು. ಈಚೆಗೆ ಅದು ಬೆಳಗಾದರೆ ಸಾಕು, ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲೇ ಎಂದು ಕೇಳಿ ಎರಡು ಗುಂಡಿ ತೋರಿಸುತ್ತಿತ್ತು: ಒಂದು "ಆಮೇಲೆ", ಇನ್ನೊಂದು "ಈಗಲೇ". ಅವನು ದಿನಾ "ಆಮೇಲೆ" ಒತ್ತಿ, ಸಾಲಗಾರನನ್ನು ಸಾಗಹಾಕಿದಂತೆ ಉಸಿರುಬಿಡುತ್ತಿದ್ದ.

ಹೆಂಡತಿಯ ತಮ್ಮ ಕಂಪ್ಯೂಟರ್ ರಿಪೇರಿಯವನು. ಬಂದು ನೋಡಿ ತಲೆಯಾಡಿಸಿದ.

"ಭಾವ, ಇದು ಇವತ್ತಲ್ಲ ನಾಳೆ ಕೈಕೊಡುತ್ತೆ. ಹೊಸದು ಹಾಕಿಸಿಬಿಡಿ."

"ಹಾಕಿದ ಮೇಲೆ ನನ್ನ ಕೆತ್ತೋ ಪ್ರೋಗ್ರಾಮ್ ನಡೆಯುತ್ತಾ?"

"ನಡೀಬಹುದು. ಇಲ್ಲಾಂದ್ರೆ ಅದನ್ನೂ ಹೊಸದು ಹಾಕೋಣ, ಕಲಿತ್ಕೊಳ್ಳಿ."

"'ನಡೀಬಹುದು' ಅಂತ ಒಂದು ಸೀಲು ಮಾಡಿಕೊಡ್ಲಾ ನಿಂಗೆ? ಎಲ್ಲ ಕಡೆ ಹೊಡ್ಕೊಂಡು ಓಡಾಡು."

ಸೀಲಿನವನಿಗೆ ಹೆದರಿಕೆ ಇದ್ದದ್ದು ಆ "ಕಲಿತ್ಕೊಳ್ಳಿ" ಎಂಬ ಮಾತಿಗೆ. ಹಳೆಯದರಲ್ಲಿ ಕಣ್ಣುಮುಚ್ಚಿ ಕೆಲಸ ಮಾಡುತ್ತಿದ್ದ. ಹೊಸದು ಬಂದರೆ ತನ್ನ ಅಂಗಡಿಯಲ್ಲಿ ತಾನೇ ಲೆಕ್ಕಕ್ಕಿಲ್ಲದವನಾಗುತ್ತೇನೆ ಎಂದುಕೊಂಡಿದ್ದ. ಅದನ್ನು ಬಾಯಿಬಿಟ್ಟು ಹೇಳುವ ಆಸಾಮಿಯೇ ಅವನು? ವೈರಸ್ಸು, ಕರೆಂಟು, ಕೊನೆಗೆ ಗ್ರಹಚಾರ, ಹೀಗೆ ನೆಪ ಹೂಡಿದ. ಕುಣಿಯಲಾರದವಳಿಗೆ ನೆಲ ಡೊಂಕು.

ಹೆಂಡತಿ ಕೇಳಿದಾಗಲೆಲ್ಲ ಒಂದು ಚೂರು ಕಾಗದ ತೆಗೆದು "ಪರಿಶೀಲನೆಯಲ್ಲಿದೆ" ಎಂಬ ಸೀಲು ಹೊಡೆದು ಅವಳ ಕೈಗಿಡುತ್ತಿದ್ದ.

"ನಮ್ಮ ಮದುವೆ ಮಾತುಕತೆಗೂ ಇದನ್ನೇ ಹೊಡೆದಿದ್ರೆ ನಾನಾದ್ರೂ ಬದುಕ್ಕೊಳ್ತಿದ್ದೆ" ಎಂದಳು ಅವಳು.

ಮರುದಿನ ಬೆಳಿಗ್ಗೆ ಅವನು ಕನ್ನಡಕ ತೆಗೆದಿಟ್ಟು, ಡಾಕ್ಟರೊಬ್ಬರ ಸೀಲನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದ. ಪರದೆಯ ಮೇಲೆ ಆ ಪ್ರಶ್ನೆ ಬಂದು ಕೂತಿತು. ಅವನಿಗೆ ಕಂಡದ್ದು ಎರಡು ಮಸುಕು ಚೌಕ.

"ಏನೇ, 'ಆಮೇಲೆ' ಯಾವ ಕಡೆ ಇದೆ ನೋಡು."

"ಆಮೇಲೆ" ಇದ್ದದ್ದು ಎಡಗಡೆ. ಅವಳು ಕಸ ಗುಡಿಸುತ್ತಲೇ ಕತ್ತೆತ್ತಿ ನೋಡಿ, ಸ್ಕೂಟರಿನ ಅಭ್ಯಾಸದಲ್ಲಿ, "ಬಲಕ್ಕೆ" ಎಂದಳು.

ಬೇರೆ ದಿನವಾಗಿದ್ದರೆ ಅವನ ಕೈ ತಾನಾಗಿ ಎಡಕ್ಕೆ ಹೋಗುತ್ತಿತ್ತು. ಆದರೆ ಇದು ಹೊಟ್ಟೆಪಾಡಿನ ಪ್ರಶ್ನೆ, ಎಡವಟ್ಟಾಗಬಾರದು ಎಂದು, ಹುಟ್ಟಿದಾಗಿನಿಂದ ವಹಿಸದ ಎಚ್ಚರಿಕೆ ವಹಿಸಿದ. ಊಟ ಮಾಡುವ ಕೈ ಯಾವುದೆಂದು ಎತ್ತಿ ನೋಡಿಕೊಂಡು, ಅಪ್ಪಟ ಬಲಗಡೆಯ ಗುಂಡಿಯನ್ನೇ ಒತ್ತಿದ.

ಪರದೆ ನೀಲಿಯಾಯಿತು. "ಕಂಪ್ಯೂಟರ್ ಆರಿಸಬೇಡಿ" ಎಂಬ ಅಪ್ಪಣೆ ಬಂತು.

"ಬಲಕ್ಕೆ ಅಂದ್ಯಲ್ಲೇ!"

"ಬಲಕ್ಕೆ ಅಂದ್ರೆ ಬಲಕ್ಕೆ ಒತ್ತೋದಾ? ಇಷ್ಟು ವರ್ಷ ಸಂಸಾರ ಮಾಡಿ ಇಷ್ಟೂ ಗೊತ್ತಾಗಲ್ವಾ ನಿಮಗೆ?"

"ಬೇಕಂತಲೇ ಮಾಡಿದೀಯ. ನನ್ನ ಮೂಲೆಗೆ ಕೂರಿಸ್ಬೇಕು ನಿಂಗೆ. ಹೊಸದು ನನ್ನ ತಲೆಗೆ ಹತ್ತಲ್ಲ ಅಂತ ಗೊತ್ತಿದ್ದೇ ಮಾಡಿದೀಯ." ಅಷ್ಟು ದಿನ ಅದುಮಿಟ್ಟಿದ್ದು ಬಾಯಿಂದ ಜಾರಿಬಿಟ್ಟಿತು. ಅವನಿಗೆ ನಾಚಿಕೆಯಾಯಿತು.

ಅವಳು ಪೊರಕೆ ಕೆಳಗಿಟ್ಟಳು.

"ಬೇಕಂತ ಮಾಡಿಲ್ಲ ರೀ. ಆದ್ರೆ ಹೊಸದು ಬರ್ಲಿ ಅಂತ ಆಸೆ ಇತ್ತು, ಸುಳ್ಳು ಹೇಳಲ್ಲ. ನೀವು ಆಸ್ಪತ್ರೇಲಿ ಮಲಗಿದ್ರಲ್ಲ, ಆಗ ಇದರ ಮುಂದೆ ಕೂತು ಒಂದು ಸೀಲೂ ಮಾಡಕ್ಕಾಗ್ದೆ ಅತ್ತುಬಿಟ್ಟೆ. ನಿಮಗೊಬ್ರಿಗೇ ಬರೋ ವಿದ್ಯೆ ನಂಗೆ ಬೇಡ. ಇಬ್ರಿಗೂ ಬರ್ಲಿ."

ಅವನು ಪಕ್ಕದ ಸ್ಟೂಲನ್ನು ಅವಳತ್ತ ಎಳೆದ. ಇಬ್ಬರೂ ಅಕ್ಕಪಕ್ಕ ಕೂತು ಪರದೆ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರು ಎಚ್ಚೆತ್ತಿತು. ಹಳೆಯ ಪ್ರೋಗ್ರಾಮು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಅವಳ ತಮ್ಮ ಓಡಿಬಂದು ಹೊಸದನ್ನು ಹಾಕಿ, ಅಕ್ಕನಿಗೆ ನಾಲ್ಕು ಮಾತು ಹೇಳಿಕೊಟ್ಟು ಹೋದ. ಅವಳು ಗಂಡನ ಕುರ್ಚಿಯಲ್ಲಿ ಕೂತು, ಹಲ್ಲು ಕಚ್ಚಿಕೊಂಡು ಏನೇನೋ ಒತ್ತಿದಳು. ಯಂತ್ರ ಗುರುಗುಟ್ಟಿ ಕೆತ್ತತೊಡಗಿತು.

ಸೀಲಿನವನು ಮೆಲ್ಲಗೆ ಕೌಂಟರ್ ದಾಟಿ ಹೊರಗೆ ಹೋದ. ಗಿರಾಕಿಗಳ ಬೆಂಚಿನ ಮೇಲೆ ಕೂತ. ಅಲ್ಲಿಂದ ಅಂಗಡಿ ಯಾರದೋ ಎಂಬಂತೆ ಕಂಡಿತು.

ಅವಳು ತಲೆಯೆತ್ತಿ ನೋಡಿ, ಗಂಭೀರವಾಗಿ ಕೇಳಿದಳು: "ಏನ್ ಬೇಕಿತ್ತು ಸಾರ್?"

ಅವನು ಬೆಂಚಿನಿಂದೆದ್ದು ಕೌಂಟರಿನ ಹತ್ತಿರ ಬಂದ.

"ಕೆಲಸ ಕಲೀಬೇಕಿತ್ತು ಮೇಡಂ."

ಅವಳು ಕುರ್ಚಿಯಲ್ಲಿ ಒತ್ತರಿಸಿಕೊಂಡು ಅರ್ಧ ಜಾಗ ಬಿಟ್ಟಳು.