ಹೋಗುದಾ ಎಂದ ಅಂಗೈ

ಕಿಟಕಿ ಪಕ್ಕದ ಮಗ್ಗದ ಸದ್ದು ಯಾಕೆ ನಿಂತಿತು, ಊಟಕ್ಕೆ ಬಿಡುವ ಹೊತ್ತೇ, ಇಲ್ಲವಲ್ಲ — ಬೆಲ್ಲು ಈ ಮಕ್ಕಳಿಗೆ ಕೇಳಿಸದು, ಲೈಟು ಮಿನುಗಿಸಬೇಕು, ಇನ್ನೂ ಮಿನುಗಿಸಿಲ್ಲ — ನೀಲಾವತಿ ಕಡಿದ ಎಳೆಗೆ ಗಂಟು ಬಿಗಿದು ತಲೆ ಎತ್ತಿದಳು, ಆ ಮಗ್ಗದ ಹುಡುಗಿ ಯಶಸ್ವಿ ಇಲ್ಲ, ಅರ್ಧ ನೇಯ್ದ ಬಟ್ಟೆಯ ಮೇಲೆ ಲಾಳಿ ಸುಮ್ಮನೆ ಮಲಗಿದೆ, ಚೀಲವೂ ಇಲ್ಲ, ಕೈ ತೊಳೆಯಲು ಹೋಗಿರಬೇಕು, ಆಗಲೇ ಬಂದು ಕೇಳಿದಳಲ್ಲ, ಎದೆ ಮುಟ್ಟಿ, ಮಗ್ಗ ತೋರಿಸಿ, ಅಂಗೈಯನ್ನು ಬಾಗಿಲಿನತ್ತ ಚಾಚಿ, ಹುಬ್ಬು ಏರಿಸಿ, ಹೋಗುದಾ ಅಂತ, ತಾನೂ ತಲೆ ಆಡಿಸಿದ್ದಾಯಿತು, ಆದರೆ ಕೈ ತೊಳೆಯಲು ಚೀಲ ಯಾಕೆ, ಮಗ್ಗ ತೋರಿಸಿದ್ದು ಯಾಕೆ. ಅರ್ಥವಾಗದಿದ್ದರೆ ನಗುವುದು, ತಲೆ ಆಡಿಸುವುದು, ಕಿವಿ ಕೇಳದ ಮಕ್ಕಳ ಈ ಶಾಲೆಗೆ ಕಲಿಸಲು ಸೇರಿದಂದಿನಿಂದ ಅದೇ ರೂಢಿ, ನೇಕಾರರ ಸೊಸೈಟಿಯಲ್ಲಿ ನೇಯುತ್ತಿದ್ದವಳಿಗೆ ಕೈಭಾಷೆ ಎಲ್ಲಿಂದ ಬರಬೇಕು, ಲಾಳಿ ಹೀಗೆ ಕಾಲು ಹೀಗೆ ಎಂದು ತೋರಿಸಿದರೆ ಮಕ್ಕಳು ಕಲಿಯುತ್ತವೆ — ಮೊನ್ನೆ ಯಶಸ್ವಿಯ ನೇಯ್ಗೆಯ ಅಂಚು ಸೊಟ್ಟಗಾಗಿ ಬಿಚ್ಚಿಸಿದ್ದಳು, ಮತ್ತೂ ಬಿಚ್ಚಿಸಿದ್ದಳು, ಹುಡುಗಿಯ ಮುಖ ಸಣ್ಣದಾಗಿತ್ತು, ನಿನ್ನ ಕೈ ಚೆನ್ನಾಗಿದೆ, ಅದಕ್ಕೇ ಬಿಚ್ಚಿಸುವುದು ಎಂದು ಯಾವ ಬೆರಳಲ್ಲಿ ಹೇಳಬೇಕೆಂದು ತಿಳಿದಿರಲಿಲ್ಲ.

ಎಂತ ಟೀಚರ್, ಯಶಸ್ವಿಯನ್ನು ಬಿಟ್ಟುಬಿಟ್ರಾ, ಬಾಗಿಲಲ್ಲಿ ಹಾಸ್ಟೆಲಿನ ಆಯಾ ಸೇವಂತಿ, ಅವಳ ಅಮ್ಮ ಬಂದು ಊರಿಗೆ, ಮಂಡೆಕೋಲಿಗೆ ಕರ್ಕೊಂಡು ಹೋದ್ರು, ಇನ್ನು ಬರುದಿಲ್ಲಂತೆ, ನೀವೇ ಹೇಳಿದ್ದಂತೆ — ತಾನೇ, ಯಾವಾಗ, ಯಾವ ಬಾಯಲ್ಲಿ, ನೀಲಾವತಿ ಓಡಿದಳು, ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಪುತ್ತೂರಿನ ಬಸ್‌ಸ್ಟ್ಯಾಂಡು ಇಷ್ಟು ದೂರವಿತ್ತೇ, ಅವರ ಊರ ಕಡೆಯ ಸುಳ್ಯದ ಬಸ್ಸು ಗುರುಗುಟ್ಟುತ್ತಾ ನಿಂತಿದೆ, ಕಿಟಕಿಯಲ್ಲಿ ಯಶಸ್ವಿ, ಪಕ್ಕದಲ್ಲಿ ತಾಯಿ ಪಂಕಜಾಕ್ಷಿ. ಪಂಕಜಕ್ಕ, ಎಲ್ಲಿಗೆ ಇದು. ಎಂತ ಮಾಡುದು ಟೀಚರ್, ತನ್ನ ಕೆಲಸ ನಿಮಗೆ ಹಿಡಿಸುದಿಲ್ಲ ಅಂತ ಇವಳು ಅಳುದು, ನಾನೇ ಹೇಳಿದೆ, ಟೀಚರನ್ನು ಕೇಳು, ಇರು ಅಂದ್ರೆ ಇರು, ಹೋಗು ಅಂದ್ರೆ ಹೋಗುವ, ನೀವು ತಲೆ ಆಡಿಸಿದ್ರಂತಲ್ಲ. ಅಯ್ಯೋ, ಅವಳು ಎಂತ ಕೇಳಿದ್ದು ಅಂತಲೇ ನನಗೆ ಗೊತ್ತಾಗ್ಲಿಲ್ಲ ಪಂಕಜಕ್ಕ — ನೀಲಾವತಿ ಕಿಟಕಿಯ ಸರಳು ಹಿಡಿದು ಜೋರಾಗಿ ಅಡ್ಡಡ್ಡ ತಲೆ ಆಡಿಸಿದಳು, ಬೇಡ, ಬೇಡ, ಯಶಸ್ವಿಯ ಕಣ್ಣು ತುಂಬಿತು, ಏನು ತಿಳಿಯಿತು ಅವಳಿಗೆ, ಹೋಗಬೇಡ ಎಂದೋ, ನೀನೇ ಬೇಡ ಎಂದೋ, ಈ ತಲೆಯನ್ನು ಏನು ಮಾಡಲಿ, ಮೇಲೆ ಕೆಳಗೆ ಆಡಿಸಿದರೂ ತಪ್ಪು, ಅಡ್ಡ ಆಡಿಸಿದರೂ ತಪ್ಪು. ನೀಲಾವತಿ ತನ್ನ ಹಣೆ ತಟ್ಟಿಕೊಂಡಳು, ಖಾಲಿ ಕೈ ತೋರಿಸಿದಳು, ನನಗೆ ತಿಳಿಯಲಿಲ್ಲ ಮಗಾ, ಇನ್ನೊಮ್ಮೆ ಕೇಳು. ಇಳಿಯುದಾದ್ರೆ ಬೇಗ ಇಳೀರಿ ಮಾರಾಯ್ರೆ, ಕಂಡಕ್ಟರು ಸೀಟಿ ಬಾಯಿಗಿಟ್ಟ, ಪಂಕಜಾಕ್ಷಿ ಚೀಲ ಎತ್ತಿಕೊಂಡು ಎದ್ದಳು, ಮಗಳು ಏಳಲಿಲ್ಲ, ಎದೆ ಮುಟ್ಟಿದಳು, ಶಾಲೆಯ ದಿಕ್ಕು ತೋರಿಸಿದಳು, ಕಿಟಕಿಯಿಂದ ಅಂಗೈ ಹೊರಗೆ ಚಾಚಿ ಹುಬ್ಬು ಏರಿಸಿದಳು, ನೀಲಾವತಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ, ಅವಳ ಎದೆಯ ಕಡೆಗೇ ತಿರುಗಿಸಿದಳು, ಇರು, ಇರು, ಇದಕ್ಕೆ ಇರು ಎಂದು ಅರ್ಥ ಉಂಟೋ ಇಲ್ಲವೋ — ಅಂಗೈ ತಿರುಗಿತು, ಏರಿದ ಹುಬ್ಬು ಇಳಿಯಲಿಲ್ಲ, ಇನ್ನೂ ಕೇಳುತ್ತಲೇ ಇದೆ ಆ ಹುಬ್ಬು —